ಅಮೆರಿಕದ ಸನ್‌ಸ್ಕ್ರೀನ್ ಕಾನೂನು: ಗಡುವು ಬಂತು, ಅನುಮತಿ ಬರಲಿಲ್ಲ

ಬಿಸಿಲಿನಿಂದ ಚರ್ಮವನ್ನು ರಕ್ಷಿಸಲು ಹಚ್ಚಿಕೊಳ್ಳುವ ಸನ್‌ಸ್ಕ್ರೀನ್ ಯುರೋಪಿನಲ್ಲಿ ಸೌಂದರ್ಯವರ್ಧಕವೆನಿಸಿದೆ. ಅಮೆರಿಕದಲ್ಲಾದರೋ ಅದು ವೈದ್ಯರ ಚೀಟಿಯಿಲ್ಲದೆ ದೊರೆಯುವ ಔಷಧ. ಆದುದರಿಂದ ಅದರಲ್ಲಿ ಬಿಸಿಲನ್ನು ತಡೆಯುವ ಪ್ರತಿಯೊಂದು ರಾಸಾಯನಿಕಕ್ಕೂ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ ಸಂಸ್ಥೆಯ ಒಪ್ಪಿಗೆ ಅಗತ್ಯ.

ಸೂರ್ಯನ ನೇರಳಾತೀತ ಕಿರಣಗಳಲ್ಲಿ ಯುವಿಬಿ ಚರ್ಮವನ್ನು ಸುಡುತ್ತದೆ, ಯುವಿಎ ಇನ್ನೂ ಆಳಕ್ಕೆ ಇಳಿಯುತ್ತದೆ. ಇವೆರಡೂ ಚರ್ಮದ ಕ್ಯಾನ್ಸರಿಗೆ ಕಾರಣವಾಗಬಲ್ಲವು. ಯುವಿಎಯನ್ನು ಚೆನ್ನಾಗಿ ತಡೆಯುವ ಹೊಸ ರಾಸಾಯನಿಕಗಳು ಯುರೋಪಿನಲ್ಲಿ ಬಳಕೆಗೆ ಬಂದವು. ಆದರೆ ಹೊರದೇಶಗಳ ಬಳಕೆಯನ್ನು ಆಧರಿಸಿ ಅಮೆರಿಕದಲ್ಲಿ 2002ರಿಂದೀಚೆಗೆ ಸಲ್ಲಿಕೆಯಾದ 8 ಅರ್ಜಿಗಳು ವರ್ಷಗಟ್ಟಲೆ ತೀರ್ಮಾನವಾಗದೆ ಉಳಿದವು.

ಈ ವಿಳಂಬವನ್ನು ನಿವಾರಿಸಲು ಡೆಮಾಕ್ರಟಿಕ್ ಪಕ್ಷದ ಜ್ಯಾಕ್ ರೀಡ್ ಹಾಗೂ ರಿಪಬ್ಲಿಕನ್ ಪಕ್ಷದ ಜಾನಿ ಐಸಾಕ್ಸನ್ ಸೆನೆಟಿನಲ್ಲಿ ಒಟ್ಟಾಗಿ ಮಸೂದೆ ಮಂಡಿಸಿದರು. 2014ರ ನವೆಂಬರ್ 26ರಂದು ಅಧ್ಯಕ್ಷ ಬರಾಕ್ ಒಬಾಮ ಅದಕ್ಕೆ ಸಹಿ ಹಾಕಿದರು. ‘ಸನ್‌ಸ್ಕ್ರೀನ್ ಇನ್ನೊವೇಶನ್ ಆಕ್ಟ್’ ಎಂಬ ಈ ಕಾನೂನು ಎಫ್‌ಡಿಎ ಪರಿಶೀಲನೆಯ ಪ್ರತಿ ಹಂತಕ್ಕೂ ಗಡುವು ವಿಧಿಸಿತು.

ಗಡುವಿನೊಳಗೆ ಉತ್ತರವೇನೋ ಬಂತು. ಆದರೆ ಆ ಎಂಟಕ್ಕೂ ಸುರಕ್ಷತೆಯ ಮಾಹಿತಿ ಸಾಲದು, ಇನ್ನಷ್ಟು ಪರೀಕ್ಷೆ ಬೇಕು ಎಂದು 2015ರ ಆರಂಭದ ವೇಳೆಗೆ ಎಫ್‌ಡಿಎ ತಿಳಿಸಿತು. ಕಾನೂನು ಕಾಲಮಿತಿಯನ್ನು ಬದಲಿಸಿತ್ತೇ ಹೊರತು ಸುರಕ್ಷತೆಯ ಅಳತೆಗೋಲನ್ನಲ್ಲ.

ಈ ಬಿಗಿಗೆ ಕಾರಣವಿಲ್ಲದಿಲ್ಲ. ಎಫ್‌ಡಿಎ ವಿಜ್ಞಾನಿಗಳು 24 ಮಂದಿಯ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಕ್ಸಿಬೆಂಜೋನ್ ಸೇರಿದಂತೆ 4 ರಾಸಾಯನಿಕಗಳು ಚರ್ಮದ ಮೂಲಕ ರಕ್ತವನ್ನು ಸೇರುವುದು ಕಂಡುಬಂತು. ರಕ್ತದಲ್ಲಿದ್ದ ಮಾತ್ರಕ್ಕೆ ಹಾನಿಕರವೆಂದು ಅರ್ಥವಲ್ಲ. ಆದರೂ ಮಕ್ಕಳು, ಗರ್ಭಿಣಿಯರು ದಿನನಿತ್ಯ ಹಚ್ಚುವ ವಸ್ತುವಿನ ಬಗ್ಗೆ ಪರೀಕ್ಷೆ ಕೇಳುವುದು ಅನ್ಯಾಯವೇನಲ್ಲ. ಅದೇ ವೇಳೆ ಉತ್ತಮ ರಕ್ಷಣೆ ತಡವಾದರೆ ಅದರ ಬೆಲೆಯನ್ನು ತೆರುವವರೂ ಬಿಸಿಲಿಗೆ ಮೈಯೊಡ್ಡುವ ಜನರೇ.

2020ರ ಕೇರ್ಸ್ ಕಾಯ್ದೆ ದೀರ್ಘವಾದ ನಿಯಮ ರಚನೆಯ ಬದಲು ಆಡಳಿತಾತ್ಮಕ ಆದೇಶದ ಮೂಲಕ ಅನುಮತಿ ನೀಡಲು ದಾರಿ ಮಾಡಿತು. ಈ ದಾರಿಯಲ್ಲೇ, ಯುರೋಪಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಬೆಮೊಟ್ರಿಜಿನಾಲನ್ನು ಪಟ್ಟಿಗೆ ಸೇರಿಸುವ ಪ್ರಸ್ತಾಪವನ್ನು ಎಫ್‌ಡಿಎ 2025ರ ಡಿಸೆಂಬರಿನಲ್ಲಿ ಮುಂದಿಟ್ಟಿತು.

ಕಾನೂನು ಕಡತವನ್ನು ಬೇಗ ಸಾಗಿಸಬಹುದು. ಆದರೆ ಪರೀಕ್ಷೆ ನಡೆಸಿ ಮಾಹಿತಿ ಒದಗಿಸುವ ಹೊಣೆ ಕಂಪೆನಿಗಳದ್ದು. ಯಾವ ಸನ್‌ಸ್ಕ್ರೀನ್ ಹಚ್ಚಿದರೂ ನೆರಳು, ಟೊಪ್ಪಿ ಮತ್ತು ಮೈ ಮುಚ್ಚುವ ಬಟ್ಟೆಯನ್ನು ಮರೆಯದಿರುವುದು ಒಳಿತು.