ದಿನಕ್ಕೆರಡಾಣೆಯ ಬ್ಯಾಂಕು

ಉಡುಪಿಯ ರಥಬೀದಿಯ ಅಂಚಿನಲ್ಲಿ ಮಲ್ಲಿಗೆ ಮಾರುವ ವೃದ್ಧೆಯೊಬ್ಬರ ಮುಂದೆ, ಸಂಜೆಯ ವ್ಯಾಪಾರದ ಗದ್ದಲದ ನಡುವೆ, ದಿನದಿನದ ಸಣ್ಣ ಉಳಿತಾಯವನ್ನು ಬ್ಯಾಂಕಿಗಾಗಿ ಸಂಗ್ರಹಿಸುವ ಪಿಗ್ಮಿ ಸಂಗ್ರಾಹಕರೊಬ್ಬರು ಬಂದು ನಿಂತುದನ್ನು ಈಚೆಗೆ ಕಣ್ಣಾರೆ ಕಂಡೆ. ಆ ಐದು ನಿಮಿಷಗಳ ಸಂತೋಷ ನನ್ನ ಮನಸ್ಸಿನಲ್ಲಿ ಇನ್ನೂ ಹಸುರಾಗಿದೆ.

"ಮಳೆಗೆ ವ್ಯಾಪಾರವೇ ಇಲ್ಲ ಮಾರಾಯ್ರೆ, ಇವತ್ತು ಐವತ್ತೇ" ಎನ್ನುತ್ತ ಆಕೆ ಸೆರಗಿನ ಗಂಟು ಬಿಚ್ಚಿದರು.

"ಇದ್ದಷ್ಟು ಕೊಡಿ ಅಕ್ಕಾ" ಎಂದ ಸಂಗ್ರಾಹಕರು, ಅಂಗೈಯಗಲದ ಯಂತ್ರದಲ್ಲಿ ಅಂಕಿಯನ್ನೊತ್ತಿ ಚೀಟಿಯನ್ನು ಹರಿದಿತ್ತರು. ಆಕೆಗೆ ಓದು ಬಾರದು. ಈವರೆಗಿನ ಒಟ್ಟು ಮೊತ್ತವನ್ನು ಅವರೇ ಓದಿ ಹೇಳಿದರು. ನಿಂತುಹೋದ ವೃದ್ಧಾಪ್ಯ ವೇತನದ ಬಗೆಗೆ ಆಕೆ ಕೇಳಲು, ಆಧಾರ್ ಪ್ರತಿ ಹಿಡಿದು ಯಾವ ವೇಳೆಗೆ ಶಾಖೆಗೆ ಬಂದರೆ ಜನಸಂದಣಿ ಕಡಿಮೆಯೆಂಬುದನ್ನೂ ತಿಳಿಸಿ ಪಕ್ಕದ ಅಂಗಡಿಯತ್ತ ನಡೆದರು.

ಈ ಪಿಗ್ಮಿ ಪದ್ಧತಿಯ ಮೂಲವನ್ನು ವಾಚಕರು ಬಲ್ಲರು. ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಇವರು ಬಳಲಿದ್ದ ಕೈಮಗ್ಗದ ನೇಕಾರರಿಗೆ ಆಸರೆಯಾಗಲೆಂದು 1925ರಲ್ಲಿ 8,000 ರೂಪಾಯಿ ಬಂಡವಾಳದಿಂದ ಸ್ಥಾಪಿಸಿದ, ಮುಂದೆ ಸಿಂಡಿಕೇಟ್ ಬ್ಯಾಂಕೆನಿಸಿದ ಸಂಸ್ಥೆಯು, 1928ರಲ್ಲಿ ಮನೆಮನೆಗೆ ಜನರನ್ನು ಕಳುಹಿಸಿ ದಿನಕ್ಕೆ ಎರಡಾಣೆಯಷ್ಟು ಅಲ್ಪವನ್ನೂ ಸಂಗ್ರಹಿಸತೊಡಗಿತು. ಅದಕ್ಕೂ ಮುನ್ನ, 1906ರಲ್ಲಿ, ಇದೇ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಆರಂಭಿಸಿದ, ಮುಂದೆ ಕಾರ್ಪೊರೇಷನ್ ಬ್ಯಾಂಕಾದ ಸಂಸ್ಥೆಯ ಮೊದಲ ದಿನದ ಸಂಗ್ರಹವು 38 ರೂಪಾಯಿ 13 ಆಣೆ 2 ಪೈ.

ಆ ಎರಡು ಪೈಗಳ ಮೇಲೆ ನನಗೆ ವಿಶೇಷ ಮಮತೆ. ಆಣೆಗೆ 12 ಪೈ, ರೂಪಾಯಿಗೆ 192. ಎಂದಮೇಲೆ ರೂಪಾಯಿಯ 96ನೆಯ ಒಂದು ಪಾಲನ್ನೂ ಕೈಬಿಡದೆ ಬರೆದಿಟ್ಟ ಕರಣಿಕನ ನಿಷ್ಠೆ ಎಂಥದು! ಇನ್ನು ಎರಡಾಣೆಯ ಲೆಕ್ಕವನ್ನು ನೋಡಿ: ವರ್ಷಕ್ಕೆ 730 ಆಣೆ, ಅಂದರೆ 45 ರೂಪಾಯಿ 10 ಆಣೆ. ಬಡ ನೇಕಾರನೊಬ್ಬನು ಒಂದು ದಿನವೂ ತಪ್ಪದೆ ಕೂಡಿಟ್ಟ ವರ್ಷದ ಉಳಿತಾಯವು, ಒಂದು ಬ್ಯಾಂಕಿನ ಪ್ರಥಮ ದಿನದ ಸಂಗ್ರಹವನ್ನು ಮೀರಿತೆಂಬುದು ನನಗೆ ಎಷ್ಟು ಸಲ ಕೂಡಿದರೂ ಬೇಸರ ತಾರದ ಗಣಿತ.

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಲೀನವಾದುವು. ವಿಲೀನದಿಂದ ಬಂಡವಾಳ ಬಲಗೊಳ್ಳುವುದೆಂಬ ವಾದವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಂದೇ ಬೀದಿಯಲ್ಲಿ ಎರಡು ಶಾಖೆಗಳೇಕೆಂದು ಕೇಳುವ ಲೆಕ್ಕಾಚಾರದಲ್ಲಿ, ಮುಖಪರಿಚಯಕ್ಕೆ ಬೆಲೆ ಕಟ್ಟುವ ಕಲಮು ಇರುವುದಿಲ್ಲ. ಮೊಬೈಲು ಬಲ್ಲವರಿಗೆ ಸೌಕರ್ಯ ಹೆಚ್ಚಿತು, ನಿಜ. ಹಳ್ಳಿಯ ಬ್ಯಾಂಕ್ ಮಿತ್ರರೂ, 2018ರಲ್ಲಿ ಅಂಚೆ ಇಲಾಖೆಯ ಪೇಮೆಂಟ್ಸ್ ಬ್ಯಾಂಕು ಬಂದಮೇಲೆ ಅಂಚೆಯಣ್ಣನೂ ಮನೆಬಾಗಿಲಲ್ಲೇ ಹಣ ಕೊಡಬಲ್ಲರು. ಆದರೂ ಬೆರಳಚ್ಚು ಯಂತ್ರಕ್ಕೆ ಹಿಡಿಯದ ಸವೆದ ಬೆರಳಿಗೂ, ಸಾಲದ ಅರ್ಜಿಗೂ, ಗಂಡನ ಮರಣಾನಂತರ ಖಾತೆಯನ್ನು ಬಿಡಿಸಿಕೊಳ್ಳುವ ಹೆಂಗಸಿನ ಕಾಗದಪತ್ರಗಳಿಗೂ, ಎದುರು ಕುಳಿತು ಕೇಳುವ, ತೀರ್ಮಾನಿಸುವ ಅಧಿಕಾರವುಳ್ಳ ಮನುಷ್ಯನೇ ಬೇಕು.

ಆದುದರಿಂದ ಯಾವ ಶಾಖೆಯನ್ನು ಮುಚ್ಚುವ ಮುನ್ನವೂ, ಅಲ್ಲಿಗೆ ನಡೆದು ಬರುವವರು ಯಾರು, ಏತಕ್ಕಾಗಿ ಬರುವರೆಂಬುದನ್ನು ಅಧಿಕಾರಿಗಳು ಬಾಗಿಲಲ್ಲಿ ನಿಂತು ನೋಡಲಿ. ಕಮಿಷನ್ನಿನ ಮೇಲೆಯೇ ಬದುಕುವ ಸಂಗ್ರಾಹಕರಿಗೆ ಭದ್ರವಾದ ಜೀವನವೃತ್ತಿ ದೊರೆಯಲಿ. ಬಡವರ ಬಳಿಗೆ ನಡೆದುಹೋಗಿಯೇ ದೊಡ್ಡದಾದ ಉದ್ಯಮವು, ಬಡವರು ತನ್ನ ಬಳಿಗೆ ನಡೆದು ಬರುವ ದಾರಿಯನ್ನು ದೂರಮಾಡುವುದು ಧರ್ಮವಲ್ಲ.