ಮುಖಕ್ಕೊಂದು ಬೆಳಕು, ಕಡಲಿಗೊಂದು ಬೆಳಕು

ಕಡಲತೀರದಲ್ಲಿ ತೆಗೆದ ಭಾವಚಿತ್ರದಲ್ಲಿ ಸಾಮಾನ್ಯವಾಗಿ ಎರಡು ಬೆಳಕುಗಳಿರುತ್ತವೆ: ಮುಖದ ಮೇಲೆ ಬಿದ್ದದ್ದು ಒಂದು, ಹಿಂದಿನ ನೀರು ಮತ್ತು ಆಕಾಶದ್ದು ಇನ್ನೊಂದು. ಕಣ್ಣು ಎರಡನ್ನೂ ಒಟ್ಟಿಗೆ ಹಿಡಿಯುತ್ತದೆ, ಕ್ಯಾಮೆರಾ ಹಿಡಿಯಲಾರದು. ಕರ್ನಾಟಕದ ಕರಾವಳಿ ಪಶ್ಚಿಮಕ್ಕೆ ತೆರೆದುಕೊಂಡಿರುವುದರಿಂದ ಇಲ್ಲಿ ಈ ತೊಡಕು ಹೊತ್ತಿನ ಜೊತೆ ಬದಲಾಗುತ್ತದೆ. ಬೆಳಿಗ್ಗೆ ಮಲ್ಪೆಯಲ್ಲೋ ಮರವಂತೆಯಲ್ಲೋ ಕಡಲಿಗೆ ಬೆನ್ನು ಹಾಕಿ ನಿಂತವರ ಮುಖಕ್ಕೆ ಮೂಡಣದ ಬಿಸಿಲು ಬೀಳುತ್ತದೆ. ಮುಖವೂ ಕಡಲೂ ಹೆಚ್ಚುಕಡಿಮೆ ಸಮನಾಗಿ ಬೆಳಗುತ್ತವೆ. ಸಂಜೆ ಅದೇ ಜಾಗದಲ್ಲಿ ಸೂರ್ಯ ಬೆನ್ನ ಹಿಂದಿರುತ್ತಾನೆ. ಪ್ರವಾಸ ಬಂದವರು ಹೆಚ್ಚಾಗಿ ಫೋಟೊ ತೆಗೆಯುವುದು ಸೂರ್ಯಾಸ್ತದ ಹೊತ್ತಿಗೇ. ಮನೆಗೆ ಹೋಗಿ ನೋಡಿದರೆ ಆಕಾಶ ಕೆಂಪಾಗಿ ಚೆಂದವಾಗಿ ಬಂದಿರುತ್ತದೆ, ಮುಖ ಮಾತ್ರ ಮಸಿ ಬಳಿದಂತೆ ಕಾಣುತ್ತದೆ. ಎಡಿಟಿಂಗ್‌ನ ಮುಖ್ಯ ಕೆಲಸ ಈ ಎರಡು ಬೆಳಕುಗಳನ್ನು ಹೊಂದಿಸುವುದು.

ಮರಳೂ ಕ್ಯಾಮೆರಾವನ್ನು ದಾರಿ ತಪ್ಪಿಸುತ್ತದೆ. ಎದುರಿನ ದೃಶ್ಯ ಒಟ್ಟಾರೆ ನಡುಬೂದು ಬಣ್ಣದ್ದೆಂದು ಊಹಿಸಿಕೊಂಡೇ ಕ್ಯಾಮೆರಾ ಬೆಳಕನ್ನು ಅಳೆಯುತ್ತದೆ. ಬಿಸಿಲಿಗೆ ಹೊಳೆಯುವ ಮರಳು ಚೌಕಟ್ಟನ್ನು ತುಂಬಿದರೆ ಬೆಳಕು ಅತಿಯಾಯಿತೆಂದು ಚಿತ್ರವನ್ನೇ ಮಬ್ಬು ಮಾಡುತ್ತದೆ; ಮರಳಿನ ಜೊತೆ ಮುಖವೂ ಕಪ್ಪಾಗುತ್ತದೆ. ಕಾರವಾರದ ಬಳಿಯ ತಿಳಮಾತಿ ತೀರದಲ್ಲಿ ಇದು ತಿರುವುಮುರುವು. ಅಲ್ಲಿಯ ಮರಳು ಎಳ್ಳಿನಂತೆ ಕಪ್ಪು, ಹಾಗಾಗಿ ಕ್ಯಾಮೆರಾ ಬೆಳಕನ್ನು ಹೆಚ್ಚಿಸಿ ಮುಖವನ್ನು ಬಿಳಿಚಿಸುವ ಸಾಧ್ಯತೆಯಿದೆ. ಎಡಿಟಿಂಗ್ ಆ್ಯಪ್‌ನಲ್ಲಿ ಎಕ್ಸ್‌ಪೋಶರ್ ಸ್ಲೈಡರ್ ಮುಟ್ಟುವ ಮುನ್ನ ಈ ತಪ್ಪು ಯಾವ ಕಡೆಗೆ ಆಗಿದೆ ಎಂದು ಗುರುತಿಸಬೇಕು. ಹಿಸ್ಟೊಗ್ರಾಮ್ ಎಂಬ ಪುಟ್ಟ ನಕ್ಷೆ ಅದನ್ನು ಒಂದೇ ನೋಟಕ್ಕೆ ಹೇಳುತ್ತದೆ: ಗುಡ್ಡೆ ಎಡಕ್ಕೆ ಒತ್ತಿದ್ದರೆ ಚಿತ್ರ ಕತ್ತಲೆ, ಬಲದ ಗೋಡೆಗೆ ಬಡಿದು ನಿಂತಿದ್ದರೆ ಎಲ್ಲೋ ಬಿಳುಪು ಸುಟ್ಟುಹೋಗಿದೆ.

ಸುಟ್ಟ ಬಿಳುಪು ಮರಳಿ ಬರುವುದಿಲ್ಲ. ಅಲೆಯ ನೊರೆ, ಸೂರ್ಯನ ಸುತ್ತಲಿನ ಆಕಾಶ, ಬಿಳಿ ಅಂಗಿಯ ಹೆಗಲು ಒಮ್ಮೆ ಪೂರ್ತಿ ಬಿಳಿಯಾದರೆ ಅಲ್ಲಿ ಕಾಗದದ ಬಿಳುಪಷ್ಟೇ ಉಳಿಯುತ್ತದೆ. ಕತ್ತಲೆಯಲ್ಲಿ ಅಡಗಿದ ವಿವರವನ್ನು ಸಾಕಷ್ಟು ಮೇಲೆತ್ತಬಹುದು, ಅದೂ ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ರಾ ಫೈಲಿನಲ್ಲಿ ತೆಗೆದಿದ್ದರೆ. ಜೆಪೆಗ್ ಫೈಲು ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 256 ಮೆಟ್ಟಿಲುಗಳನ್ನು ಮಾತ್ರ ಇಟ್ಟುಕೊಳ್ಳುತ್ತದೆ. 14 ಬಿಟ್‌ನ ರಾ ಫೈಲಿನಲ್ಲಿ 16,384 ಮೆಟ್ಟಿಲುಗಳಿರುತ್ತವೆ. ಮುಖದ ನೆರಳನ್ನು ತಿಳಿಗೊಳಿಸುವಾಗ ಜೆಪೆಗ್‌ನಲ್ಲಿ ಚರ್ಮ ಪಟ್ಟೆಪಟ್ಟೆಯಾಗಿ ಒಡೆಯುವುದು ಇದೇ ಕಾರಣಕ್ಕೆ. ಆದ್ದರಿಂದ ಸಂಜೆಯ ಚಿತ್ರವನ್ನು ಆಕಾಶ ಸುಡದಂತೆ ತುಸು ಕತ್ತಲೆಯಾಗಿಯೇ ತೆಗೆದು, ಮುಖವನ್ನು ಆಮೇಲೆ ಬೆಳಗಿಸುವುದು ಜಾಣತನ.

ಇದೇನೂ ಹೊಸ ಕಷ್ಟವಲ್ಲ. 1850ರ ದಶಕದ ಗಾಜಿನ ಪ್ಲೇಟುಗಳು ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದವು. ಕಡಲು ಸರಿಯಾಗಿ ಮೂಡುವಷ್ಟು ಹೊತ್ತು ತೆರೆದಿಟ್ಟರೆ ಆಕಾಶ ಬರೀ ಬಿಳಿಯಾಗುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲೆ ಗ್ರೇ ತನ್ನ ಕೆಲವು ಕಡಲ ಚಿತ್ರಗಳಲ್ಲಿ ನೀರಿಗೊಂದು, ಆಕಾಶಕ್ಕೊಂದು ನೆಗೆಟಿವ್ ಬಳಸಿ, ಎರಡನ್ನೂ ದಿಗಂತದ ಗೆರೆಯಲ್ಲಿ ಕೂಡಿಸಿ ಮುದ್ರಿಸಿದ. ಚಿತ್ರದ ಒಂದು ಭಾಗವನ್ನಷ್ಟೇ ಆರಿಸಿ ತಿದ್ದಲು ಬಿಡುವ ಇಂದಿನ ಮಾಸ್ಕ್ ಮಾಡುವುದೂ ಅದನ್ನೇ, ಬೆರಳ ತುದಿಯಲ್ಲಿ. ಲೈಟ್‌ರೂಮ್‌ನಂಥ ತಂತ್ರಾಂಶಗಳು ವ್ಯಕ್ತಿಯನ್ನೂ ಆಕಾಶವನ್ನೂ ತಾವೇ ಗುರುತಿಸಿ ಬೇರ್ಪಡಿಸುತ್ತವೆ. ಸ್ನ್ಯಾಪ್‌ಸೀಡ್‌ನಲ್ಲಿ ಬ್ರಷ್ಷಿನಿಂದ ತೀಡಬಹುದು. ಮುಖಕ್ಕೆ ಬೇಕಾದ ಬೆಳಕನ್ನು ಮುಖಕ್ಕೆ ಮಾತ್ರ ಕೊಡುವುದು ಹೀಗೆ.

ಎಷ್ಟು ಕೊಡಬೇಕು ಎಂಬುದರಲ್ಲಿ ಕೈಹಿಡಿತ ಬೇಕು. ಸೂರ್ಯ ಬೆನ್ನ ಹಿಂದಿದ್ದವರ ಮುಖ ಆಕಾಶಕ್ಕಿಂತ ಹೆಚ್ಚು ಬೆಳಗಿದರೆ ನೋಡುವವರ ಕಣ್ಣು ಅದನ್ನು ನಂಬುವುದಿಲ್ಲ. ಸ್ಟುಡಿಯೊದ ಪರದೆಯ ಮುಂದೆ ನಿಲ್ಲಿಸಿದಂತಾಗುತ್ತದೆ. ಕಣ್ಣು, ತುಟಿ, ಗಲ್ಲದ ಆಕಾರ ತಿಳಿಯುವಷ್ಟು ಎತ್ತಿ ಅಲ್ಲಿಗೆ ನಿಲ್ಲಿಸಬೇಕು. ಮಾಸ್ಕಿನ ಅಂಚು ಗಡುಸಾಗಿದ್ದರೆ ತಲೆಯ ಸುತ್ತ ಬಿಳಿ ಪ್ರಭಾವಳಿ ಮೂಡುತ್ತದೆ, ಅದರಲ್ಲೂ ಗಾಳಿಗೆ ಹಾರುವ ಕೂದಲಿನ ಬಳಿ. ಅಂಚನ್ನು ಮೆದುಗೊಳಿಸಿದರೆ ಅದು ಕರಗುತ್ತದೆ. ಮುಖದಲ್ಲಿ ಎತ್ತಲು ಏನೂ ಉಳಿದಿಲ್ಲದಿದ್ದರೆ ಪೂರ್ತಿ ನೆರಳುಚಿತ್ರವಾಗಿಸುವುದೇ ಲೇಸು: ಕಪ್ಪನ್ನು ಇನ್ನಷ್ಟು ಗಾಢಗೊಳಿಸಿದರೆ ಆಕೃತಿಯ ಅಂಚೇ ಚಿತ್ರವಾಗುತ್ತದೆ.

ಬಣ್ಣದ ಲೆಕ್ಕ ಬೇರೆ. ನಡುಹಗಲ ಬಿಸಿಲಿನ ವರ್ಣತಾಪ ಸುಮಾರು 5,500 ಕೆಲ್ವಿನ್; ಸೂರ್ಯ ಇಳಿಯುತ್ತ 3,000ದ ಆಸುಪಾಸಿಗೆ ಬರುತ್ತದೆ; ಛತ್ರಿಯ ಅಥವಾ ತೆಂಗಿನ ನೆರಳಿನಲ್ಲಿ 7,000 ದಾಟಬಹುದು. ಆಟೊ ವೈಟ್ ಬ್ಯಾಲೆನ್ಸ್ ಸಂಜೆಯ ಹೊಂಬಣ್ಣವನ್ನು ದೋಷವೆಂದು ತಿಳಿದು ತೊಳೆದುಬಿಡುತ್ತದೆ. ಎಡಿಟಿಂಗ್‌ನಲ್ಲಿ ಅದನ್ನು ಮರಳಿಸಬೇಕು. ಕಡಲತೀರದಲ್ಲಿ ಸುತ್ತಲಿನ ವಸ್ತುಗಳೂ ಮುಖಕ್ಕೆ ಬಣ್ಣ ಹಚ್ಚುತ್ತವೆ. ಮರಳಿನಿಂದ ಚಿಮ್ಮಿದ ಬೆಳಕು ಗಲ್ಲದ ಕೆಳಗೆ ಹಳದಿ ಬಳಿಯುತ್ತದೆ, ಆಕಾಶ ನೆರಳಿನ ಕೆನ್ನೆಗೆ ನೀಲಿ ಕೊಡುತ್ತದೆ, ಕೆಂಪು ಸೀರೆ ಕತ್ತನ್ನು ಕೆಂಪಾಗಿಸುತ್ತದೆ. ಇಡೀ ಚಿತ್ರದ ಬಣ್ಣ ತಿರುಗಿಸಿದರೆ ಒಂದು ಸರಿಹೋಗಿ ಇನ್ನೊಂದು ಕೆಡುತ್ತದೆ. ಆ ಭಾಗಕ್ಕಷ್ಟೇ ಮಾಸ್ಕ್ ಹಾಕಿ ಬಣ್ಣದ ತೀವ್ರತೆ ಇಳಿಸಿದರೆ ಸಾಕು. ಕಡಲನ್ನು ನೀಲಿಯಾಗಿಸುವ ಆಸೆಗೂ ಇದೇ ಎಚ್ಚರಿಕೆ. ಮಳೆಗಾಲದ ಅರಬ್ಬೀ ಸಮುದ್ರ ಕಂದು–ಬೂದು ಬಣ್ಣದ್ದು. ಅದಕ್ಕೆ ಮಾಲ್ಡೀವ್ಸ್‌ನ ನೀಲಿ ಹಚ್ಚಿದರೆ ಚಿತ್ರ ಊರು ಕಳೆದುಕೊಳ್ಳುತ್ತದೆ.

ಹೆಚ್ಚು ಅನ್ಯಾಯವಾಗುವುದು ಚರ್ಮದ ಬಣ್ಣಕ್ಕೆ. ಇದಕ್ಕೊಂದು ಹಳೆಯ ಬೇರಿದೆ. ಬಣ್ಣದ ಫಿಲ್ಮಿನ ಕಾಲದಲ್ಲಿ ಮುದ್ರಣ ಸರಿಯಾಗಿದೆಯೇ ಎಂದು ನೋಡಲು ಕೊಡಾಕ್ ಲ್ಯಾಬುಗಳಿಗೆ ಒದಗಿಸುತ್ತಿದ್ದ ‘ಶರ್ಲಿ ಕಾರ್ಡ್’ನಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿಯ ಮಹಿಳೆಯ ಚಿತ್ರ. ಆ ಮುಖ ಸರಿ ಬಂದರೆ ಎಲ್ಲವೂ ಸರಿಯೆಂಬ ಎಣಿಕೆಯಲ್ಲಿ ಕಂದು ಚರ್ಮದ ಏರಿಳಿತಗಳು ಮಸುಕಾದವು. ಗೂಗಲ್ 2021ರಲ್ಲಿ ಪಿಕ್ಸೆಲ್ 6 ಫೋನಿನೊಂದಿಗೆ ‘ರಿಯಲ್ ಟೋನ್’ ತಂದದ್ದು ಈ ಕೊರತೆಯನ್ನು ತುಂಬಲೆಂದೇ. ಆದರೂ ಫೋನಿನ ಬ್ಯೂಟಿ ಫಿಲ್ಟರ್‌ಗಳು ಮುಖ ಸಿಕ್ಕ ಕೂಡಲೇ ಬೆಳ್ಳಗಾಗಿಸಲು ಹೊರಡುತ್ತವೆ. ಮುಖ ಬಿಳಿ, ಕತ್ತು ಕಂದು, ಕೈ ಇನ್ನೊಂದು ಬಣ್ಣವಾದ ಚಿತ್ರಗಳು ಎಷ್ಟೋ. ಕಪ್ಪು ಅಥವಾ ಎಣ್ಣೆಗೆಂಪು ಮೈಬಣ್ಣಕ್ಕೆ ಸಂಜೆಯ ಓರೆ ಬೆಳಕು ಕೊಡುವ ಕಾಂತಿ ಬೇರೆ ಯಾವ ಹೊತ್ತಿನಲ್ಲೂ ಸಿಗದು. ಅದನ್ನು ಸುಣ್ಣ ಬಳಿದು ಮುಚ್ಚುವುದು ನಷ್ಟವೇ ಸರಿ. ಮೈಬಣ್ಣ ಹೆಚ್ಚಾಗಿ ಕಿತ್ತಳೆ ಸ್ಲೈಡರ್‌ನಲ್ಲಿ ಅಡಗಿರುತ್ತದೆ. ಅದರ ಹೊಳಪನ್ನು ತುಸುವೇ ಸರಿಪಡಿಸಿ, ಮುಖ, ಕತ್ತು, ಕೈ ಒಂದೇ ವ್ಯಕ್ತಿಯದ್ದಾಗಿ ಕಾಣುತ್ತಿದೆಯೇ ಎಂದು ಹೋಲಿಸಬೇಕು.

ಕರಾವಳಿಯ ಸೆಕೆಯಲ್ಲಿ ಹಣೆ, ಮೂಗು ಬೆವರಿ ಮಿನುಗುತ್ತವೆ. ಆ ಮಿನುಗನ್ನು ಪೂರ್ತಿ ಅಳಿಸಿದರೆ ಚರ್ಮ ಮೇಣದಂತಾಗುತ್ತದೆ. ಆ ಭಾಗದ ಹೈಲೈಟ್ ಅರ್ಧದಷ್ಟು ತಗ್ಗಿಸಿದರೆ ಸಾಕಾಗುತ್ತದೆ. ಕಲೆಗಳ ವಿಚಾರದಲ್ಲಿ ರೀಟಚ್ ಮಾಡುವವರು ಪಾಲಿಸುವ ಒಂದು ಸರಳ ನಿಯಮವಿದೆ: ವಾರದಲ್ಲಿ ಮಾಯುವ ಮೊಡವೆ, ಸೊಳ್ಳೆ ಕಡಿತ ತೆಗೆಯಬಹುದು, ಮಚ್ಚೆ ಮತ್ತು ಹಳೆಯ ಗಾಯದ ಗುರುತು ಮುಟ್ಟಬಾರದು.

ಹಿನ್ನೆಲೆಯ ವಸ್ತುಗಳನ್ನು ಅಳಿಸುವ ಕಲೆಗೂ ಕಡಲತೀರಕ್ಕೂ ಹಳೆಯ ನಂಟು. ಫೋಟೊಶಾಪ್ ರೂಪಿಸಿದ ಸೋದರರಲ್ಲಿ ಒಬ್ಬರಾದ ಜಾನ್ ನೋಲ್ 1987ರಲ್ಲಿ ಬೋರಾ ಬೋರಾ ದ್ವೀಪದ ತೀರದಲ್ಲಿ ತಮ್ಮ ಗೆಳತಿಯ ಚಿತ್ರ ತೆಗೆದರು. ತಂತ್ರಾಂಶದ ಮೊದಮೊದಲ ಪ್ರದರ್ಶನಗಳಲ್ಲಿ ತಿದ್ದಿ ತೋರಿಸಿದ್ದು ಆ ಚಿತ್ರವನ್ನೇ. ಮರಳಿನ ಮೇಲಿನ ಪ್ಲಾಸ್ಟಿಕ್ ಚೀಲ ತೆಗೆಯುವುದು ಸುಲಭ. ದಿಗಂತವನ್ನು ಮುಚ್ಚಿ ನಿಂತ ಅಪರಿಚಿತರನ್ನು ತೆಗೆಯುವುದು ಕಷ್ಟ, ಗೆರೆ ಮುರಿದಂತೆ ಕಾಣುತ್ತದೆ. ಅವರ ನೆರಳನ್ನೂ ಒದ್ದೆ ಮರಳಿನ ಮೇಲಿನ ಪ್ರತಿಬಿಂಬವನ್ನೂ ಮರೆಯದೆ ಅಳಿಸಬೇಕು; ಮನುಷ್ಯರಿಲ್ಲದ ಪ್ರತಿಬಿಂಬ ಉಳಿದ ಚಿತ್ರಗಳು ಅಪರೂಪವಲ್ಲ. ಲೆನ್ಸಿನ ಮೇಲೆ ಸಿಡಿದ ಉಪ್ಪುನೀರಿನ ಹನಿಗಳ ಗುರುತು ಆಕಾಶದಲ್ಲಿ ಮಬ್ಬು ಚುಕ್ಕಿಗಳಾಗಿ ಕಾಣುತ್ತದೆ, ಹೀಲ್ ಬ್ರಷ್ ಅದನ್ನು ಒಂದೇಟಿಗೆ ತೆಗೆಯುತ್ತದೆ.

ದಿಗಂತ ಓರೆಯಾಗಿದ್ದರೆ ಮೇಲಿನ ಯಾವ ಕೆಲಸವೂ ಫಲಿಸದು. ಸಮುದ್ರ ಒಂದು ಕಡೆಗೆ ಚೆಲ್ಲಿದಂತಿರುತ್ತದೆ. ಹಾಗಾಗಿ ನೇರಗೊಳಿಸುವುದನ್ನೂ ಕ್ರಾಪ್ ಮಾಡುವುದನ್ನೂ ಎಲ್ಲಕ್ಕಿಂತ ಮೊದಲೇ ಮುಗಿಸಬೇಕು. ಅಲೆ ಬಂದು ನಿಲ್ಲುವ ಗೆರೆ ಸಹಜವಾಗಿಯೇ ಓರೆ, ಅದನ್ನು ಆಧಾರವಾಗಿ ಹಿಡಿಯಬಾರದು. ಕಾಪುವಿನ 1901ರ ದೀಪಸ್ತಂಭದಂಥ ಎತ್ತರದ ಕಟ್ಟಡವೂ ಫೋನನ್ನು ಮೇಲಕ್ಕೆ ವಾಲಿಸಿ ತೆಗೆದಾಗ ಓರೆಯಾಗುತ್ತದೆ. ನಂಬಬೇಕಾದದ್ದು ನೀರು ಆಕಾಶ ಕೂಡುವ ಗೆರೆಯನ್ನೇ. ಅದು ಕತ್ತಿನ ನೇರಕ್ಕೆ ಹಾದುಹೋಗಿದ್ದರೆ ಎಡಿಟಿಂಗ್‌ನಲ್ಲಿ ಸರಿಯಾದ ಪರಿಹಾರವಿಲ್ಲ. ತೆಗೆಯುವಾಗಲೇ ಒಂದು ಮೊಳ ಬಗ್ಗಬೇಕಿತ್ತು.

ಶಾರ್ಪ್‌ನೆಸ್ ಕೊನೆಯ ಕೆಲಸ. ಅದು ಕಣ್ಣು, ಹುಬ್ಬು, ಕೂದಲಿಗೆ ಸಾಕು, ಆಕಾಶಕ್ಕೆ ಹಚ್ಚಿದರೆ ಕಾಳುಕಾಳಾಗುತ್ತದೆ. ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ ಎಂಬ ಲೆಕ್ಕದಲ್ಲಿ 8×10 ಇಂಚಿನ ಪ್ರತಿಗೆ 2400×3000 ಪಿಕ್ಸೆಲ್ ಬೇಕು. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಕುಗ್ಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದ ಹಾಗೇ ತಲುಪುತ್ತದೆ. ಮೂಲ ಫೈಲನ್ನು ತಿದ್ದದೆ ಬೇರೆ ಇಟ್ಟಿರಬೇಕು.