ವಿಸಿಟಿಂಗ್ ಕಾರ್ಡು: ಮನೆಯ ಮುದ್ರಣವೋ, ಆನ್‌ಲೈನ್ ಖರೀದಿಯೋ?

ಕುಂದಗೋಳ ತಾಲೂಕಿನ ಎರೆಭೂಮಿ ಮೆಣಸಿನಕಾಯಿಗೂ ಹತ್ತಿಗೂ ಹೆಸರಾದುದು. ಆ ತಾಲೂಕಿನ ಕುಬಿಹಾಳದಂತಹ ಊರಿನಲ್ಲಿ ಒಣಮೆಣಸಿನಕಾಯಿ ಖರೀದಿಸಿ, ತೊಟ್ಟು ಬಿಡಿಸಿ, ಪುಡಿ ಮಾಡಿ ಮಾರುವ ಒಬ್ಬ ಸಣ್ಣ ಉದ್ಯಮಿ ಇದ್ದಾರೆಂದು ಇಟ್ಟುಕೊಳ್ಳಬಹುದು. ಸುಗ್ಗಿಯಲ್ಲಿ ಬ್ಯಾಡಗಿಯ ಮಾರುಕಟ್ಟೆಗೆ, ಉಳಿದ ದಿನಗಳಲ್ಲಿ ಹುಬ್ಬಳ್ಳಿಯ ಅಮರಗೋಳ ಪ್ರಾಂಗಣಕ್ಕೆ, ವರ್ಷಕ್ಕೊಮ್ಮೆ ಬೆಂಗಳೂರಿನ ಯಾವುದಾದರೊಂದು ಪ್ರದರ್ಶನಕ್ಕೆ ಅವರ ಓಡಾಟ. ಅಲ್ಲಿ ಪರಿಚಯವಾದ ಖರೀದಿದಾರರ ಕೈಗೆ ಕೊಡಲು ವಿಸಿಟಿಂಗ್ ಕಾರ್ಡು ಬೇಕು. ಬಿಲ್ಲು ಮುದ್ರಿಸುವ ಪ್ರಿಂಟರು ಮನೆಯಲ್ಲಿಯೇ ಇದೆ. ಮೊಬೈಲಿನಲ್ಲಿ ನೂರು ಕಾರ್ಡಿಗೆ ಇಷ್ಟು, ಮನೆ ಬಾಗಿಲಿಗೆ ತಲುಪಿಸುತ್ತೇವೆ ಎಂಬ ಜಾಹೀರಾತು ದಿನವೂ ಕಾಣುತ್ತದೆ. ಇವೆರಡರಲ್ಲಿ ಯಾವುದು ಲಾಭದಾಯಕ?

ಮೊತ್ತ ಚಿಕ್ಕದೆಂಬ ಕಾರಣಕ್ಕೆ ಈ ಪ್ರಶ್ನೆಯನ್ನು ಯಾರೂ ಲೆಕ್ಕಕ್ಕೆ ಇಳಿಸುವುದಿಲ್ಲ. ಇಳಿಸಿದವರೂ ಸಾಮಾನ್ಯವಾಗಿ ಒಟ್ಟು ವೆಚ್ಚವನ್ನು ಮುದ್ರಿಸಿದ ಕಾರ್ಡುಗಳ ಸಂಖ್ಯೆಯಿಂದ ಭಾಗಿಸುತ್ತಾರೆ. ಭಾಗಿಸಬೇಕಾದದ್ದು ಕೈಯಿಂದ ಕೈಗೆ ಹೋದ ಕಾರ್ಡುಗಳ ಸಂಖ್ಯೆಯಿಂದ. ಕಪಾಟಿನಲ್ಲಿ ರಬ್ಬರ್ ಬ್ಯಾಂಡು ಸುತ್ತಿಕೊಂಡು ಹಳದಿಯಾದ ಕಾರ್ಡುಗಳ ಬೆಲೆಯನ್ನೂ ಕೊಟ್ಟ ಕಾರ್ಡುಗಳೇ ಹೊರಬೇಕು.

ಕಾರ್ಡು ಹಳತಾಗುವ ಬಗೆ

ಕಾರ್ಡು ಸವೆದು ಹಾಳಾಗುವುದು ವಿರಳ. ಅದರ ಮೇಲಿನ ವಿವರ ಬದಲಾಗಿ ನಿರುಪಯೋಗಿಯಾಗುವುದೇ ಹೆಚ್ಚು. ಈ ಭಾಗದ ವ್ಯಾಪಾರಸ್ಥರಿಗೆ ಇದರ ಅನುಭವ ಸಾಕಷ್ಟಿದೆ. 1997ರಲ್ಲಿ ಧಾರವಾಡ ಜಿಲ್ಲೆ ಒಡೆದು ಗದಗ, ಹಾವೇರಿ ಜಿಲ್ಲೆಗಳಾದಾಗ ಬ್ಯಾಡಗಿಯ ದಲಾಲಿ ಅಂಗಡಿಗಳ ಕಾರ್ಡಿನಲ್ಲಿದ್ದ 'ಜಿ. ಧಾರವಾಡ' ತಪ್ಪಾಯಿತು. 2014ರ ನವೆಂಬರ್ 1ರಂದು ಹುಬ್ಬಳ್ಳಿಯ ಇಂಗ್ಲಿಷ್ ಕಾಗುಣಿತ ಬದಲಾಯಿತು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಬಂದಾಗ ಕಾರ್ಡಿನ ಮೂಲೆಯಲ್ಲಿದ್ದ ವ್ಯಾಟ್‌ನ ಟಿನ್ ಸಂಖ್ಯೆಗಳೆಲ್ಲ ಒಂದೇ ದಿನದಲ್ಲಿ ವ್ಯರ್ಥವಾದವು. ಅಣ್ಣಿಗೇರಿ ಪ್ರತ್ಯೇಕ ತಾಲೂಕಾದ ಮೇಲೆ ಅಲ್ಲಿಯವರ ಕಾರ್ಡಿನಲ್ಲಿದ್ದ 'ತಾ. ನವಲಗುಂದ' ಹಳೆಯದಾಯಿತು. ಇವು ಸರ್ಕಾರದಿಂದ ಬಂದ ಬದಲಾವಣೆಗಳು. ಮೊಬೈಲ್ ಸಂಖ್ಯೆ, ಪಾಲುದಾರರ ಹೆಸರು, ಗೋದಾಮಿನ ವಿಳಾಸ ಇವುಗಳ ಬದಲಾವಣೆ ಇದಕ್ಕಿಂತ ಹೆಚ್ಚಾಗಿ ನಡೆಯುವಂಥದು.

ಆದ್ದರಿಂದ ಕಾರ್ಡು ಮಾಡಿಸುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ವಿವರಗಳು ಬದಲಾಗುವ ಮೊದಲು ಎಷ್ಟು ಕಾರ್ಡು ಕೈಬಿಡುತ್ತವೆ?

ಅಂಕಿಗಳಲ್ಲಿ ನೋಡಿದರೆ

ಕೆಳಗಿನ ದರಗಳು ಲೆಕ್ಕದ ಅನುಕೂಲಕ್ಕಾಗಿ ಊಹಿಸಿದವು. ಓದುಗರು ತಮಗೆ ದೊರೆಯುವ ದರವನ್ನು ಆ ಸ್ಥಾನದಲ್ಲಿ ಹಾಕಿಕೊಳ್ಳತಕ್ಕದ್ದು.

ಕಾರ್ಡಿನ ಅಳತೆ 90 ಮಿ.ಮೀ. ಉದ್ದ, 54 ಮಿ.ಮೀ. ಅಗಲ ಎಂದಾದರೆ ಒಂದು ಎ4 ಹಾಳೆಯಲ್ಲಿ 10 ಕಾರ್ಡು ಕೂರುತ್ತವೆ. ದಪ್ಪ ಹಾಳೆಗೆ 12 ರೂ., ಶಾಯಿಗೆ 8 ರೂ. ಎಂದರೆ 10 ಹಾಳೆಗೆ 200 ರೂ. ಬಣ್ಣ ಕದಡಿದ್ದು, ಹಾಳೆ ಓರೆಯಾಗಿ ಎಳೆದದ್ದು, ಕತ್ತರಿಸುವಾಗ ಅಂಚು ತಪ್ಪಿದ್ದು ಎಂದು 20 ಕಾರ್ಡು ಹೋದರೆ ಕೈಗೆ ಬರುವುದು 80. ಕತ್ತರಿಸಲು ಒಬ್ಬರಿಗೆ ಒಂದು ತಾಸು ಬೇಕು. ಅದಕ್ಕೆ 80 ರೂ. ಹಿಡಿದರೆ ಒಟ್ಟು 280 ರೂ., ಅಂದರೆ ಕಾರ್ಡಿಗೆ 3.50 ರೂ. ಮನೆಯವರ ಶ್ರಮಕ್ಕೆ ಬೆಲೆ ಕಟ್ಟುವುದೇಕೆ ಎಂಬ ಆಕ್ಷೇಪ ಬರಬಹುದು. ಆ ತಾಸಿನಲ್ಲಿ ಅವರು ಪುಡಿಯ ಪ್ಯಾಕೆಟ್ಟು ತುಂಬುತ್ತಿದ್ದರು ಎಂಬುದೇ ಉತ್ತರ.

ಆನ್‌ಲೈನಿನಲ್ಲಿ 100 ಕಾರ್ಡಿಗೆ ತೆರಿಗೆ, ಸಾಗಣೆ ಸೇರಿ 300 ರೂ. ಎಂದರೆ ಕಾರ್ಡಿಗೆ 3 ರೂ. ಹುಬ್ಬಳ್ಳಿ ಇಲ್ಲವೇ ಗದಗದ ಮುದ್ರಣಾಲಯದಲ್ಲಿ 1000 ಕಾರ್ಡಿಗೆ 900 ರೂ. ಎಂದರೆ ಕಾರ್ಡಿಗೆ 90 ಪೈಸೆ. ಮುದ್ರಣ ಕಾಶಿ ಎನಿಸಿಕೊಂಡ ಗದಗ ಇಷ್ಟು ಹತ್ತಿರದಲ್ಲಿರುವಾಗ ಈ ಮೂರನೆಯ ದಾರಿಯನ್ನು ಲೆಕ್ಕದಿಂದ ಬಿಡುವುದು ಸರಿಯಲ್ಲ.

ಇನ್ನು ಕೊಟ್ಟ ಕಾರ್ಡಿನ ಲೆಕ್ಕ. ವಿವರ ಬದಲಾಗುವ ಮೊದಲು 60 ಕಾರ್ಡು ಮಾತ್ರ ಹೋದವು ಎಂದರೆ ಮನೆಯ ಮುದ್ರಣಕ್ಕೆ 210 ರೂ. ಸಾಕು. ಆನ್‌ಲೈನ್ ಕಾರ್ಡು ತಲಾ 5 ರೂ. ಬೀಳುತ್ತದೆ, ಮುದ್ರಣಾಲಯದ 90 ಪೈಸೆಯ ಕಾರ್ಡು ತಲಾ 15 ರೂ. ಆಗಿ ಕೂಡುತ್ತದೆ. 240 ಕಾರ್ಡು ಹೋದರೆ ಮನೆಯಲ್ಲಿ 840 ರೂ., ಆನ್‌ಲೈನಿನಲ್ಲಿ ಮೂರು ಸಲ ತರಿಸಿ 900 ರೂ., ಮುದ್ರಣಾಲಯದಲ್ಲಿಯೂ ಅದೇ 900 ರೂ.; ಮೂರೂ ಹೆಚ್ಚುಕಡಿಮೆ ಸಮ. 600 ಹೋದರೆ ಮನೆಯಲ್ಲಿ 2100, ಆನ್‌ಲೈನಿನಲ್ಲಿ 1800, ಮುದ್ರಣಾಲಯದಲ್ಲಿ ಅದೇ 900.

ಅಂದರೆ ಈ ದರಗಳಲ್ಲಿ ಸುಮಾರು 85 ಕಾರ್ಡಿನವರೆಗೆ ಮನೆಯ ಮುದ್ರಣ ಅಗ್ಗ. ಅಲ್ಲಿಂದ 300ರವರೆಗೆ ನೂರರ ಪ್ಯಾಕೆಟ್ಟು ಎಷ್ಟು ತುಂಬಿ ಖರ್ಚಾಯಿತು ಎಂಬುದರ ಮೇಲೆ ಮನೆ, ಆನ್‌ಲೈನ್ ಹಿಂದುಮುಂದಾಗುತ್ತವೆ. 300 ದಾಟುವುದು ಖಚಿತವಿದ್ದವರಿಗೆ, ಉಳಿದ 700 ಕಾರ್ಡು ರದ್ದಿಗೆ ಹೋದರೂ, ಸಾವಿರ ಮುದ್ರಿಸುವುದೇ ಅಗ್ಗ. ಹಳ್ಳಿಯ ವ್ಯಾಪಾರಸ್ಥರಲ್ಲಿ ಅನೇಕರು ಈ ಸಂಖ್ಯೆಯನ್ನು ಮುಟ್ಟುವುದಿಲ್ಲವೆಂಬುದು ಬೇರೆ ಮಾತು. ಹಳೆಯ ಕಟ್ಟು ಎಷ್ಟು ಉಳಿದಿದೆಯೆಂದು ಕಪಾಟು ತೆರೆದು ನೋಡಿದರೆ ಉತ್ತರ ಸಿಗುತ್ತದೆ.

ಕಾರ್ಡಿಗೆಂದೇ ಪ್ರಿಂಟರು ಕೊಳ್ಳುವ ವಿಚಾರವನ್ನು ಮಾತ್ರ ಕೈಬಿಡುವುದು ಲೇಸು. 12,000 ರೂ. ಯಂತ್ರ ಮೂರು ವರ್ಷ ಬಾಳಿತೆಂದರೆ ವರ್ಷಕ್ಕೆ 4000 ರೂ.; ವರ್ಷಕ್ಕೆ 240 ಕಾರ್ಡಾದರೆ ಯಂತ್ರದ ಪಾಲೇ ಕಾರ್ಡೊಂದಕ್ಕೆ 16 ರೂ. 67 ಪೈಸೆ. ಮೇಲಿನ ಲೆಕ್ಕವೆಲ್ಲ ಬಿಲ್ಲಿಗಾಗಿ ಈಗಾಗಲೇ ಇರುವ ಪ್ರಿಂಟರಿಗೆ ಮಾತ್ರ ಅನ್ವಯ.

ಮುದ್ರಣಾಲಯದ ಸಾವಿರ ಇಷ್ಟು ಸೋವಿಯಾಗಲು ಕಾರಣವಿದೆ. ಆಫ್‌ಸೆಟ್ ಮುದ್ರಣದಲ್ಲಿ ನಾಲ್ಕು ಬಣ್ಣಕ್ಕೆ ನಾಲ್ಕು ಪ್ಲೇಟು, ಯಂತ್ರ ಹೊಂದಿಸುವ ಕೆಲಸ ಇವುಗಳ ವೆಚ್ಚ ನೂರಕ್ಕೂ ಒಂದೇ, ಸಾವಿರಕ್ಕೂ ಒಂದೇ. ಆ ವೆಚ್ಚ ಹಂಚಿಹೋಗಲೆಂದು ಹತ್ತಾರು ಗಿರಾಕಿಗಳ ಕಾರ್ಡುಗಳನ್ನು ಒಂದೇ ದೊಡ್ಡ ಹಾಳೆಯಲ್ಲಿ ಜೋಡಿಸಿ ಮುದ್ರಿಸುವ ಪದ್ಧತಿಯೂ ಇದೆ. ಆನ್‌ಲೈನ್ ಸಂಸ್ಥೆಗಳು ಬೆಳೆದದ್ದು ಇಂತಹ ಜೋಡಣೆಯಿಂದ ಮತ್ತು ಪ್ಲೇಟು ಬೇಡದ ಡಿಜಿಟಲ್ ಯಂತ್ರಗಳಿಂದ. ಒಟ್ಟು ಹಾಳೆಯಲ್ಲಿ ಒಬ್ಬರ ಬಣ್ಣಕ್ಕಾಗಿ ಯಂತ್ರವನ್ನು ತಿದ್ದಲು ಬಾರದು. ಆದಕಾರಣ ಪುಡಿಯ ಪ್ಯಾಕೆಟ್ಟಿನ ಕೆಂಪೂ ಕಾರ್ಡಿನ ಕೆಂಪೂ ಒಂದೇ ಆಗಬೇಕೆನ್ನುವವರು ಮುದ್ರಣಾಲಯಕ್ಕೆ ತಾವೇ ಹೋಗಿ ನಿಂತು ನೋಡುವುದು ಕ್ಷೇಮ.

ತೆರಿಗೆಯ ಪಾಲು

ಮುದ್ರಿತ ಕಾರ್ಡುಗಳ ಮೇಲಿನ ಜಿ.ಎಸ್.ಟಿ. 2021ರ ಅಕ್ಟೋಬರ್ 1ರಂದು ಶೇ. 12ರಿಂದ ಶೇ. 18ಕ್ಕೆ ಏರಿತು. ಮೇಲಿನ 300 ರೂ.ಗಳಲ್ಲಿ ತೆರಿಗೆ 45 ರೂ. 76 ಪೈಸೆ. ಸಾಮಾನ್ಯ ಪದ್ಧತಿಯಲ್ಲಿ ನೋಂದಾಯಿತರಾದವರು ಇದನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದು. ಆಗ ಅವರಿಗೆ ಕಾರ್ಡು ಬೀಳುವುದು 3 ರೂ.ಗೆ ಅಲ್ಲ, ಸುಮಾರು 2 ರೂ. 54 ಪೈಸೆಗೆ. ಮಾರಾಟಗಾರರು ಬೇರೆ ರಾಜ್ಯದವರಾಗಿ ಐ.ಜಿ.ಎಸ್.ಟಿ. ಹಾಕಿದ್ದರೂ ಜಮೆಗೆ ಅಡ್ಡಿಯಿಲ್ಲ.

ಆದರೆ ಇಲ್ಲಿಯೇ ಬಹಳಷ್ಟು ಜನ ಎಡವುತ್ತಾರೆ. ಆನ್‌ಲೈನಿನಲ್ಲಿ ಬೇಡಿಕೆ ಸಲ್ಲಿಸುವಾಗ ಸಂಸ್ಥೆಯ ಹೆಸರನ್ನೂ ಜಿ.ಎಸ್.ಟಿ. ಸಂಖ್ಯೆಯನ್ನೂ ನಮೂದಿಸದೆ, ಮಗನ ಮೊಬೈಲಿನಿಂದ ಮಗನ ಹೆಸರಿನಲ್ಲಿ ತರಿಸಿದರೆ ಬಿಲ್ಲು ಸಾಮಾನ್ಯ ಗ್ರಾಹಕರ ಬಿಲ್ಲಾಗುತ್ತದೆ. ಅದು ಜಿ.ಎಸ್.ಟಿ.ಆರ್.-2ಬಿ ತಖ್ತೆಯಲ್ಲಿ ಕಾಣಿಸಿಕೊಳ್ಳುವುದಿಲ್ಲ. ಕಾಣಿಸದಿದ್ದರೆ ಜಮೆಯೂ ಇಲ್ಲ. ರಾಜಿ ತೆರಿಗೆ, ಅಂದರೆ ಕಾಂಪೋಜಿಷನ್ ಪದ್ಧತಿಯಲ್ಲಿರುವವರಿಗೂ ನೋಂದಣಿಯಿಲ್ಲದವರಿಗೂ ಈ ಜಮೆಯ ಮಾತೇ ಇಲ್ಲ, ಪೂರ್ತಿ 300 ರೂ. ಅವರ ವೆಚ್ಚವೇ.

ಆದಾಯ ತೆರಿಗೆಯಲ್ಲಿ ಲೆಕ್ಕ ಪುಸ್ತಕ ಇಡುವವರಿಗೆ ಕಾರ್ಡಿನ ಖರ್ಚು ವ್ಯವಹಾರದ ಖರ್ಚಾಗಿ ಪೂರ್ತಿ ಕಳೆಯುತ್ತದೆ. 1961ರ ಕಾಯ್ದೆಯ 44ಎಡಿ ಕಲಮಿನಂತೆ ವಹಿವಾಟಿನ ಶೇ. 8 (ಬ್ಯಾಂಕಿನ ಮೂಲಕ ಬಂದ ಹಣಕ್ಕೆ ಶೇ. 6) ಲಾಭವೆಂದು ತೋರಿಸುವವರಿಗೆ ಯಾವುದೇ ಖರ್ಚು ಬೇರೆಯಾಗಿ ಕಳೆಯುವುದಿಲ್ಲ, ಆ ಕಾಯ್ದೆಯ ಸ್ಥಾನದಲ್ಲಿ ಬರಲೆಂದು ರೂಪಿಸಿದ 2025ರ ಕಾಯ್ದೆಯೂ ಈ ಊಹಾಲಾಭದ ಪದ್ಧತಿಯನ್ನು ಉಳಿಸಿಕೊಂಡಿದೆ. 'ಖರ್ಚು ತೋರಿಸಬಹುದಲ್ಲ' ಎಂದು ದುಬಾರಿ ಕಾರ್ಡು ಮಾಡಿಸುವವರಲ್ಲಿ ಅನೇಕರು ಇದೇ ಗುಂಪಿನವರು.

ಹಾಳೆ, ಶಾಯಿ ಮತ್ತು ಕನ್ನಡದ ಒತ್ತಕ್ಷರ

ಮುದ್ರಣಾಲಯದ ಕಾರ್ಡು ಸಾಮಾನ್ಯವಾಗಿ 300 ಜಿ.ಎಸ್.ಎಂ. ತೂಕದ ಆರ್ಟ್ ಕಾರ್ಡಿನದು. ಮನೆಯ ಪ್ರಿಂಟರುಗಳಲ್ಲಿ ಹಲವು ಅಷ್ಟು ದಪ್ಪದ ಹಾಳೆಯನ್ನು ಎಳೆದುಕೊಳ್ಳುವುದಿಲ್ಲ. ಎಳೆದರೂ ಇಂಕ್‌ಜೆಟ್ ಶಾಯಿ ನುಣುಪಾದ ಆರ್ಟ್ ಹಾಳೆಯಲ್ಲಿ ಇಂಗದೆ ಬೆರಳಿಗೆ ಅಂಟುತ್ತದೆ. ಇಂಕ್‌ಜೆಟ್ಟಿಗೆಂದೇ ಲೇಪಿಸಿದ ಮ್ಯಾಟ್ ಹಾಳೆ ಬೇಕು. ಬೆವರಿನ ಕೈಯಲ್ಲಿ ಹಿಡಿದು ಅಂಗಿಯ ಕಿಸೆಗೆ ಹಾಕುವ ಕಾರ್ಡಿನ ಮೇಲೆ ಮೊಬೈಲ್ ಸಂಖ್ಯೆಯ ಒಂದು ಅಂಕಿ ಕದಡಿದರೂ ಕಾರ್ಡು ಇದ್ದು ಪ್ರಯೋಜನವಿಲ್ಲ. ಎರಡೂ ಬದಿಗೆ ಮುದ್ರಿಸಿದಾಗ ಹಿಂದುಮುಂದಿನ ಅಂಚು ಒಂದೆರಡು ಮಿ.ಮೀ. ಸರಿಯುವುದು ಮನೆಯ ಯಂತ್ರದಲ್ಲಿ ಸಹಜ. ಆದ್ದರಿಂದ ಮನೆಯಲ್ಲಿ ಮುದ್ರಿಸುವವರು ಒಂದೇ ಬದಿ, ಬಿಳಿಯ ನೆಲ, ಕಪ್ಪು ಅಕ್ಷರ, ಅಂಚಿಗೆ ಬಣ್ಣವಿಲ್ಲ ಎಂಬಷ್ಟಕ್ಕೆ ನಿಲ್ಲಬೇಕು.

ಆನ್‌ಲೈನಿನಲ್ಲಿ ತೊಡಕು ಬೇರೆ ಕಡೆಗಿದೆ. ಸಿದ್ಧ ವಿನ್ಯಾಸಗಳು ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟು ಮಾಡಿದವು. ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚಿಸಿದ್ದನ್ನು ಅಲ್ಲಿ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಮೂಡುತ್ತವೆ. ಯೂನಿಕೋಡಿನಲ್ಲಿ ಬೆರಳಚ್ಚಿಸಿದರೂ ವಿನ್ಯಾಸದ ತಂತ್ರಾಂಶಕ್ಕೆ ಕನ್ನಡ ಜೋಡಿಸಲು ಬಾರದಿದ್ದರೆ 'ಹುಬ್ಬಳ್ಳಿ' ಎಂಬುದು 'ಹುಬ್‌ಬಳ್‌ಳಿ' ಆಗಿ ಒಡೆಯುತ್ತದೆ. ಕುಬಿಹಾಳಕ್ಕೆ ಒತ್ತಕ್ಷರವಿಲ್ಲ, ಬಚಾವು. ಅಣ್ಣಿಗೇರಿ, ಕಲಘಟಗಿಗಳಲ್ಲಿ ಮೊದಲನೆಯದಕ್ಕೆ ಆ ಭಾಗ್ಯವಿಲ್ಲ. ಇದಕ್ಕೆ ಪರಿಹಾರ, ಊರಿನ ಡಿ.ಟಿ.ಪಿ. ಕೇಂದ್ರದಲ್ಲಿ ಕಾರ್ಡನ್ನು ಸಿದ್ಧಪಡಿಸಿ, ಅಕ್ಷರಗಳನ್ನು 'ಕರ್ವ್' ಮಾಡಿಸಿ, ಅಂದರೆ ಅಕ್ಷರವನ್ನು ಚಿತ್ರರೇಖೆಯಾಗಿ ಬದಲಿಸಿ, ಸುತ್ತಲೂ 3 ಮಿ.ಮೀ. ಹೆಚ್ಚುವರಿ ಅಂಚು ಬಿಟ್ಟು ಪಿ.ಡಿ.ಎಫ್. ಮಾಡಿಸಿಕೊಳ್ಳುವುದು. ಅದೇ ಕಡತ ಮುದ್ರಣಾಲಯಕ್ಕೂ ಆನ್‌ಲೈನಿಗೂ ಮನೆಯ ಪ್ರಿಂಟರಿಗೂ ನಡೆಯುತ್ತದೆ. ಒಮ್ಮೆ ಮಾಡಿಸಿದ ಕಡತವನ್ನು ಕೇಳಿ ಪಡೆದು ತಮ್ಮಲ್ಲಿ ಇಟ್ಟುಕೊಳ್ಳಬೇಕು.

ಕಾರ್ಡಿನ ಮೇಲೆ ಏನಿರಬೇಕು

ಜಿ.ಎಸ್.ಟಿ. ಸಂಖ್ಯೆ ಕಾರ್ಡಿನ ಮೇಲೆ ಕಡ್ಡಾಯವೆಂಬ ನಂಬಿಕೆ ವ್ಯಾಪಕವಾಗಿದೆ. ನಿಯಮ 18 ಹೇಳುವುದು ನೋಂದಣಿ ಪತ್ರವನ್ನು ವ್ಯವಹಾರದ ಸ್ಥಳದಲ್ಲಿ ಪ್ರದರ್ಶಿಸಬೇಕು, ಸಂಖ್ಯೆಯನ್ನು ಬಾಗಿಲ ನಾಮಫಲಕದಲ್ಲಿ ಬರೆಸಬೇಕು ಎಂದಷ್ಟೇ. ಬಿಲ್ಲಿನ ಮೇಲೆ ಅದು ಇರಬೇಕೆಂಬುದು ಬೇರೆ ನಿಯಮ. ಕಾರ್ಡಿನ ಪ್ರಸ್ತಾಪ ಅಲ್ಲಿಲ್ಲ. ಕರ್ನಾಟಕದ 29ರ ನಂತರದ ಹತ್ತು ಅಕ್ಷರಾಂಕಿಗಳು ಮಾಲೀಕರ ಅಥವಾ ಸಂಸ್ಥೆಯ ಪ್ಯಾನ್ ಸಂಖ್ಯೆಯೇ ಆಗಿರುವುದರಿಂದ ಅದನ್ನು ಕಂಡಕಂಡವರಿಗೆ ಹಂಚದಿರುವುದು ಮೇಲು. ಬೇಕಾದ ಖರೀದಿದಾರರಿಗೆ ವಾಟ್ಸಾಪಿನಲ್ಲಿ ಕಳಿಸಬಹುದು, ಇಲ್ಲವೇ ಕಾರ್ಡಿನ ಹಿಂಬದಿಗೆ ರಬ್ಬರ್ ಮುದ್ರೆ ಒತ್ತಿ ಕೊಡಬಹುದು. ಇದರಿಂದ ಕಾರ್ಡಿನ ಆಯುಷ್ಯವೂ ಹೆಚ್ಚುತ್ತದೆ, ಏಕೆಂದರೆ ಪಾಲುದಾರಿಕೆಯಾದಾಗ ಪ್ಯಾನ್ ಬದಲಾಗಿ ಜಿ.ಎಸ್.ಟಿ. ಸಂಖ್ಯೆಯೂ ಬದಲಾಗುತ್ತದೆ.

ಕ್ಯೂಆರ್ ಸಂಕೇತ ಹಾಕಿಸುವವರು ಒಂದು ವಿಷಯವನ್ನು ಗಮನಿಸಬೇಕು. ಉಚಿತವೆಂದು ಮಾಡಿಕೊಡುವ ಕೆಲವು ಜಾಲತಾಣಗಳ ಸಂಕೇತ ಮೊದಲು ಆ ತಾಣಕ್ಕೆ ಹೋಗಿ ಅಲ್ಲಿಂದ ಮುಂದೆ ಕಳಿಸುವಂಥದು. ಉಚಿತ ಅವಧಿ ಮುಗಿದ ಮೇಲೆ ಶುಲ್ಕ ಕಟ್ಟದಿದ್ದರೆ ಅದು ತೆರೆಯುವುದಿಲ್ಲ. ಸಾವಿರ ಕಾರ್ಡು ಮುದ್ರಿಸಿದ ಮೇಲೆ ಇದು ತಿಳಿದರೆ ಮಾಡುವುದೇನೂ ಉಳಿಯದು. ಹೆಸರು, ಮೊಬೈಲ್ ಸಂಖ್ಯೆಗಳನ್ನು ನೇರವಾಗಿ ಅಡಕ ಮಾಡಿದ ಸಂಕೇತಕ್ಕೆ ಈ ಭಯವಿಲ್ಲ.

ತಪ್ಪಾದರೆ ಯಾರ ಹೊಣೆ

ಮುದ್ರಣಾಲಯದಲ್ಲಿ ಕರಡು ತಿದ್ದಿ ಸಹಿ ಹಾಕುವಂತೆ ಆನ್‌ಲೈನಿನಲ್ಲಿ 'ಒಪ್ಪಿಗೆ' ಗುಂಡಿ ಒತ್ತಲಾಗುತ್ತದೆ. ಒತ್ತಿದ ನಂತರ ಕಡತದಲ್ಲಿಯೇ ಇದ್ದ ತಪ್ಪಿಗೆ ಗಿರಾಕಿಯೇ ಹೊಣೆ ಎಂಬ ಷರತ್ತು ಸಾಮಾನ್ಯ. ಮುದ್ರಣದ ದೋಷಕ್ಕೆ ದೂರು ಕೊಡಬಹುದು. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(7) ಕಲಮು ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ಗ್ರಾಹಕರೆಂದು ಎಣಿಸುವುದಿಲ್ಲ. ಸ್ವಯಂ ಉದ್ಯೋಗದಿಂದ ಜೀವನೋಪಾಯ ನಡೆಸಲೆಂದೇ ಕೊಂಡು ಬಳಸುವವರಿಗೆ ಮಾತ್ರ ವಿನಾಯಿತಿ ಉಂಟು. ಕುಬಿಹಾಳದ ಪುಡಿ ತಯಾರಕರು ಈ ವಿನಾಯಿತಿಯಲ್ಲಿ ಬರಬಹುದು, ಹತ್ತಾರು ಆಳುಗಳಿಟ್ಟು ನಡೆಸುವ ಹುಬ್ಬಳ್ಳಿಯ ಕಾರ್ಖಾನೆ ಬರುವುದು ಕಷ್ಟ. 300 ರೂ.ಗಳಿಗಾಗಿ ಆಯೋಗದ ಮೆಟ್ಟಿಲು ಹತ್ತುವವರು ಯಾರೂ ಇಲ್ಲ. ಹಾಗಾಗಿ ಹೊಸ ಸಂಸ್ಥೆಯಿಂದ ಮೊದಲ ಸಲ ತರಿಸುವಾಗ ನೂರನ್ನಷ್ಟೇ ತರಿಸುವುದು, ಮೊಬೈಲ್ ಸಂಖ್ಯೆಯನ್ನು ಕರಡಿನಿಂದ ಓದಿ ಆ ಸಂಖ್ಯೆಗೆ ಕರೆ ಮಾಡಿ ನೋಡುವುದು, ಪ್ರದರ್ಶನಕ್ಕೆ ಕನಿಷ್ಠ ಹದಿನೈದು ದಿನ ಮೊದಲೇ ಬೇಡಿಕೆ ಸಲ್ಲಿಸುವುದು ಉಚಿತ. ಖಾಸಗಿ ಕೊರಿಯರಿನವರು ಹಳ್ಳಿಗೆ ಬಾರದೆ ಪಟ್ಟಣದಲ್ಲಿಯೇ ಇಳಿಸಿ ಫೋನು ಮಾಡುವುದುಂಟು. ಹುಬ್ಬಳ್ಳಿಯ ಪರಿಚಯದ ಅಂಗಡಿಯ ವಿಳಾಸ ಕೊಟ್ಟರೆ ಸಂತೆಗೆ ಹೋದಾಗ ತರಬಹುದು. ಆದರೆ ಬಿಲ್ಲಿನ ವಿಳಾಸವೂ ಜಿ.ಎಸ್.ಟಿ. ಸಂಖ್ಯೆಯೂ ತಮ್ಮ ಸಂಸ್ಥೆಯದೇ ಇರುವಂತೆ ನೋಡಿಕೊಳ್ಳಬೇಕು. ಅಷ್ಟರಲ್ಲಿ ಕಾರ್ಡು ಬಾರದೆ ಹೋದರೆ, ಪ್ರದರ್ಶನದ ಹಿಂದಿನ ರಾತ್ರಿ ಮನೆಯ ಪ್ರಿಂಟರಿನಲ್ಲಿ ನಾಲ್ಕು ಹಾಳೆ ತೆಗೆದುಕೊಂಡರೂ ಮೂವತ್ತು ಜನರಿಗೆ ಆಗುತ್ತದೆ.